ಬೆನ್ನ ಹಿಂದಿನ ಕೈ

ಹೊಳೆಯ ದಂಡೆಯ ಮೇಲೊಂದು ಮಠ. ಮಠದ ಅಂಗಳದಲ್ಲೊಂದು ಚಿಕ್ಕ ಶಾಲೆ. ಆಚೆ ದಂಡೆಯ ಊರುಗಳಿಂದ ಇಪ್ಪತ್ತೆರಡು ಮಕ್ಕಳು ದಿನಾ ಹರಗೋಲಿನಲ್ಲಿ ದಾಟಿ ಬಂದು ಅಕ್ಷರ ಕಲಿಯುತ್ತಿದ್ದರು.

ಮಠದ ಗುರುಗಳನ್ನು ಎಲ್ಲರೂ ಅಜ್ಜಾರು ಎಂದೇ ಕರೆಯುತ್ತಿದ್ದರು. ಅವರ ಶಿಷ್ಯ ಕೊಟ್ರಯ್ಯ ಹನ್ನೆರಡು ವರ್ಷ ಓದಿದ್ದ, ಹನ್ನೆರಡು ವರ್ಷವೂ ಮಠದ ಅಡುಗೆ ಮಾಡಿದ್ದ. ಅವನ ಅಕ್ಷರ ಬಲು ದುಂಡು. ಊಟದ ವೇಳೆ ಇಂತಿಷ್ಟು ಎಂದು ಅವನು ಗೋಡೆಗೆ ಬರೆದದ್ದನ್ನೂ ಬಂದವರು ನಿಂತು ನೋಡಿ ಹೋಗುತ್ತಿದ್ದರು. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಒಂದು ದಿನ ಅವನು ಸೌಟು ಕೆಳಗಿಟ್ಟು ಗುರುಗಳ ಮುಂದೆ ಬಂದು ನಿಂತ.

"ಅಜ್ಜಾರ, ಶಾಲಿ ನನಗ ಕೊಡ್ರಿ. ಮಕ್ಕಳಿಗೆ ಕಲಸಬೇಕಂತ ಭಾಳ ಆಸೆ ಐತ್ರಿ."

"ಒಂದು ವಾರ ಕಲಸು," ಎಂದರು ಅಜ್ಜಾರು. "ಶನಿವಾರ ನಾ ಬಂದು ನೋಡ್ತೀನಿ. ಮಕ್ಕಳು ಅಕ್ಷರ ಬರದ್ರ ಶಾಲಿ ನಿಂದು. ಇಲ್ಲಂದ್ರ ಸೌಟು ಐತಲ್ಲ."

ಸೋಮವಾರ ಕೊಟ್ರಯ್ಯ 'ರ' ಕಲಿಸಿದ. ಒಂದೊಂದು ಮಗುವಿನ ಬೆನ್ನ ಹಿಂದೆ ಕುಳಿತು, ಅದರ ಕೈ ಮೇಲೆ ತನ್ನ ಕೈಯಿಟ್ಟು ಪಾಟಿಯ ಮೇಲೆ ಬಳಪದಿಂದ ತಿದ್ದಿಸಿದ. ಸಂಜೆಗೆ ಇಪ್ಪತ್ತೊಂದು ಪಾಟಿಗಳ ಮೇಲೆ ಮುತ್ತಿನಂಥ ಅಕ್ಷರ.

ಇಪ್ಪತ್ತೆರಡನೆಯ ಪಾಟಿ ಹರಗೋಲು ನಡೆಸುವವನ ಮಗಳು ದುರುಗಿಯದು. ಆರು ವರ್ಷದ ಹುಡುಗಿ.

"ಕೈ ಕೊಡವ್ವ," ಎಂದ ಕೊಟ್ರಯ್ಯ.

"ಬ್ಯಾಡ್ರಿ. ನಾನ ಬರೀತೀನಿ."

ಬರೆದಳು. ಹೊಟ್ಟೆ ಒಡೆದ 'ರ'. ಕೊಟ್ರಯ್ಯ ಒದ್ದೆ ಬಟ್ಟೆಯಿಂದ ಅದನ್ನು ಒರೆಸಿದ. ಅವಳು ಮತ್ತೆ ಬರೆದಳು. ಈ ಸಲ ಮೊದಲಿನದೇ ವಾಸಿಯಿತ್ತು ಅನ್ನಿಸಿತು.

ಮಂಗಳವಾರ ಹುಣಸೆಬೀಜ ಎಣಿಸುವ ಪಾಠ. ಮಗುವಿನ ಬೆರಳು ಬೀಜಕ್ಕೆ ತಾಗುವ ಮೊದಲೇ ಕೊಟ್ರಯ್ಯನ ಬಾಯಲ್ಲಿ ಎಣಿಕೆ ಬಂದುಬಿಡುತ್ತಿತ್ತು. ಬುಧವಾರ ಜೇಡಿಮಣ್ಣು. ಮಕ್ಕಳು ಎತ್ತು ಮಾಡಿದರು ಅನ್ನುವುದಕ್ಕಿಂತ ಕೊಟ್ರಯ್ಯನೇ ಇಪ್ಪತ್ತೊಂದು ಎತ್ತು ಮಾಡಿದ ಅಂದರೆ ಸರಿ. ದುರುಗಿಯ ಎತ್ತು ಮಾತ್ರ ನಿಲ್ಲಲಿಲ್ಲ.

"ಇದರ ಕಾಲು ಸರಿಯಿಲ್ಲ, ಇಲ್ಲಿ ಕೊಡು."

"ಅದು ಮಲಕ್ಕೊಂಡೈತ್ರಿ," ಎಂದಳು ದುರುಗಿ.

ಗುರುವಾರ ಸಂಜೆ ಅವನು ತಡೆಯಲಾರದೆ ಗುರುಗಳ ಹತ್ತಿರ ಹೋದ. ಅಜ್ಜಾರು ಶೇಂಗಾ ಸುಲಿಯುತ್ತ ಕುಳಿತಿದ್ದರು.

"ಅಜ್ಜಾರ, ಎಲ್ಲಾರೂ ಚಲೋ ಕಲ್ತಾರ್ರಿ. ಒಬ್ಬಾಕಿ ಮಾತ್ರ ಕೈ ಕೊಡವಲ್ಲಳು."

"ಯಾರ ಕೈ?"

"ಅಕಿ ಕೈರಿ."

"ಅಕಿ ಕೈ ಅಕಿ ಹತ್ರ ಇರಲಿ ಬಿಡು."

ಈ ಹುಡುಗಿಯ ಆಸೆ ಬಿಡು ಎಂದು ಗುರುಗಳು ಹೇಳಿದರು ಅಂತ ಕೊಟ್ರಯ್ಯ ತಿಳಿದುಕೊಂಡ. ಶುಕ್ರವಾರ ದುರುಗಿಯನ್ನು ಹಿಂದಿನ ಸಾಲಿನಲ್ಲಿ, ನೀರಿನ ಕೊಡದ ಪಕ್ಕಕ್ಕೆ ಕೂರಿಸಿದ. ಅವಳು ಅಲ್ಲೇ ತನ್ನ ಪಾಡಿಗೆ ಬರೆಯುತ್ತ ಕುಳಿತಳು.

ಶನಿವಾರ ಬೆಳಿಗ್ಗೆ ಇಪ್ಪತ್ತೊಂದು ಪಾಟಿ, ಇಪ್ಪತ್ತೊಂದು ಎತ್ತು ಜಗಲಿಯ ಮೇಲೆ ಸಾಲಾಗಿ ನಿಂತಿದ್ದವು. ಅಜ್ಜಾರು ಬಂದರು. ಒಂದು ಪಾಟಿ ನೋಡಿದರು, ಇನ್ನೊಂದು ನೋಡಿದರು.

"ಇವೆಲ್ಲಾ ನಿನ್ನ ಅಕ್ಷರ. ನಾ ಹನ್ನೆರಡು ವರ್ಷದಿಂದ ನೋಡೀನಿ," ಎಂದು ಮಕ್ಕಳ ಕಡೆ ತಿರುಗಿದರು. "ನಡೀರಿ, ಹೊಳಿ ದಂಡಿಗೆ ಹೋಗೂಣು."

ದಂಡೆಯ ಉಸುಕಿನ ಮೇಲೆ ಮಕ್ಕಳು ಸಾಲಾಗಿ ಕುಳಿತರು.

"ಈ ವಾರ ಕಲ್ತಿದ್ರಾಗ ಒಂದು ಅಕ್ಷರ ಬರೀರಿ."

ಇಪ್ಪತ್ತೊಂದು ಬೆರಳುಗಳು ಉಸುಕಿಗೆ ತಾಗಿ ಅಲ್ಲೇ ನಿಂತವು. ಇಪ್ಪತ್ತೊಂದು ಮುಖಗಳು ಹೆಗಲ ಮೇಲಿಂದ ಹಿಂದಕ್ಕೆ ತಿರುಗಿದವು.

"ಯಾಕ ಬರೀವಲ್ರು?" ಎಂದು ಅಜ್ಜಾರು ಕೇಳಿದರು.

ಹಿಂದೆ ನಿಂತಿದ್ದ ಕೊಟ್ರಯ್ಯ ಆ ಮುಖಗಳನ್ನು ನೋಡಿದ. "ನನ್ನ ಕೈ ಕಾಯಾಕತ್ತಾರ್ರಿ."

ಎರಡು ಹೆಜ್ಜೆ ಮುಂದೆ ಹೋಗಿ ಕೈ ಹಿಡಿದರೆ ಸಾಕಿತ್ತು. ಮಕ್ಕಳು ಬರೆಯುತ್ತಿದ್ದರು, ಶಾಲೆ ಅವನದಾಗುತ್ತಿತ್ತು. ಅಜ್ಜಾರೇನೂ ತಡೆಯುವಂತೆ ಕಾಣಲಿಲ್ಲ. ಹೊಳೆಯ ಕಡೆ ನೋಡುತ್ತಿದ್ದರು.

ಕೊಟ್ರಯ್ಯ ಒಂದು ಹೆಜ್ಜೆ ಇಟ್ಟ. ನಿಂತ. ಎರಡೂ ಕೈಗಳನ್ನು ಕಂಕುಳಲ್ಲಿ ಬಿಗಿಯಾಗಿ ಇಟ್ಟುಕೊಂಡ.

"ಇವತ್ತು ನನ್ನ ಕೈ ಬರೂದಿಲ್ಲ," ಎಂದ. "ನೀವ ಬರೀರಿ."

ಒಂದು ಮಗು ಅಳತೊಡಗಿತು. ಅದರ ಪಕ್ಕದ್ದೂ ಬಿಕ್ಕಿತು. ಹನ್ನೆರಡು ವರ್ಷದಲ್ಲಿ ಅವನಿಗೆ ಇಷ್ಟು ಕಷ್ಟದ ಪಾಠ ಯಾವುದೂ ಬಂದಿರಲಿಲ್ಲ. ಶಾಲೆ ಕೈತಪ್ಪಿತು ಎಂದುಕೊಂಡ. ಆದರೂ ಜಾಗ ಬಿಟ್ಟು ಕದಲಲಿಲ್ಲ.

"ಆತ್ರಿ!"

ಕೊನೆಯಲ್ಲಿ ಕುಳಿತ ದುರುಗಿ. ಅವಳ ಮುಂದೆ ಉಸುಕಿನಲ್ಲಿ ಒಂದು 'ರ'. ಸೊಟ್ಟಗಿತ್ತು, ಆದರೆ ಹೊಟ್ಟೆ ಒಡೆದಿರಲಿಲ್ಲ.

ಅಳುತ್ತಿದ್ದ ಮಗು ಅಳು ನಿಲ್ಲಿಸಿ ಬಗ್ಗಿ ನೋಡಿತು. ಮೂಗು ಒರೆಸಿಕೊಂಡು ಒಂದು ಗೆರೆ ಎಳೆಯಿತು.

"ಹಿಂಗೇನ?"

"ಹಂಗಲ್ಲ, ಇನ್ನಾ ದುಂಡಗ ತಿರುವು," ಎಂದಳು ದುರುಗಿ. ಕೈ ಮಾತ್ರ ಹಿಡಿಯಲಿಲ್ಲ.

ಅದೂ ಬರೆಯಿತು. ಆಮೇಲೆ ಅದರ ಪಕ್ಕದ್ದು. ಅಳಿಸಿದರು, ಮತ್ತೆ ಬರೆದರು, ಒಬ್ಬರದಕ್ಕೆ ಒಬ್ಬರು ನಕ್ಕರು. "ನಂದೂ ಆತ್ರಿ!" "ನಂದ ನೋಡ್ರಿ ಮೊದಲ!" ಹೊತ್ತು ಏರುವಷ್ಟರಲ್ಲಿ ದಂಡೆಯ ತುಂಬ ಅಕ್ಷರ. ಒಂದು ಮಲಗಿತ್ತು, ಒಂದು ಆನೆಯಷ್ಟಿತ್ತು, ಒಂದು ತಲೆಕೆಳಗಾಗಿತ್ತು. ಇಪ್ಪತ್ತೆರಡು ಮಕ್ಕಳ ಗದ್ದಲಕ್ಕೆ ದುರುಗಿಯ ಅಪ್ಪ ನಡುಹೊಳೆಯಲ್ಲಿ ಹುಟ್ಟು ಎತ್ತಿ ಹಿಡಿದು, ಹರಗೋಲು ತಿರುಗುತ್ತಿದ್ದರೂ ಪರಿವೆಯಿಲ್ಲದೆ ನೋಡುತ್ತ ನಿಂತ.

ಕೊಟ್ರಯ್ಯನ ಕಣ್ಣಲ್ಲಿ ನೀರು. ಅಷ್ಟು ಸಂತೋಷ ಅವನಿಗೆ ತನ್ನ ದುಂಡು ಅಕ್ಷರ ಎಂದೂ ಕೊಟ್ಟಿರಲಿಲ್ಲ. ಅವನು ದುರುಗಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಆ 'ರ'ವನ್ನು ಬಹಳ ಹೊತ್ತು ನೋಡಿದ. ಒದ್ದೆ ಬಟ್ಟೆ ಹೆಗಲ ಮೇಲೇ ಇತ್ತು.

ಮಕ್ಕಳು ಹರಗೋಲು ಹತ್ತಿದ ಮೇಲೆ ಅವನು ಗುರುಗಳ ಬಳಿ ಬಂದ.

"ಅಜ್ಜಾರ, ಒಂದರಂಗ ಒಂದಿಲ್ರಿ. ಒಂದೂ ನೆಟ್ಟಗಿಲ್ಲ. ನಾ ಅಡಿಗಿ ಮನಿಗೆ ಹೋಗ್ತೀನಿ."

"ಅಡಿಗಿಗೆ ಬ್ಯಾರೆಯವ್ರನ್ನ ನೋಡೀನಿ," ಎಂದು ಅಜ್ಜಾರು ಶಾಲೆಯ ಗಂಟೆ ಬಾರಿಸುವ ಬಡಿಗೆಯನ್ನು ಅವನ ಕೈಗಿಟ್ಟರು.

ಕೊಟ್ರಯ್ಯ ಅದನ್ನು ಕಣ್ಣಿಗೊತ್ತಿಕೊಂಡ. ಆಮೇಲೆ ಮಗುವಿನ ಹಾಗೆ ಮುನಿಸಿಕೊಂಡೇ ಕೇಳಿದ.

"ಎಲ್ಲಾ ನಿಮಗ ಗೊತ್ತಿತ್ತು. ಸೋಮವಾರನ ಒಂದು ಮಾತು ಹೇಳಿದ್ರ ಏನಾಗತಿತ್ರಿ?"

ಅಜ್ಜಾರು ನಕ್ಕರು.

"ಹೇಳಿದ್ರ, ಆ ಪಾಟಿ ನಿನ್ನವಾದಂಗ ಇವತ್ತಿನ ಶನಿವಾರ ನಂದಾಗತಿತ್ತಲ್ಲೋ ಕೊಟ್ರಯ್ಯ."