ಐಗಳ ಮಠದ ಗೋಣಿ ಕೋತಿಗಳು

ನಗುವವರು ಈಗಲೇ ನಕ್ಕುಬಿಡಿ. ಆಮೇಲೆ ನಡುವೆ ನಕ್ಕರೆ ನನಗೆ ಕತೆ ಮರೆತುಹೋಗುತ್ತದೆ.

ಹಿರೇನಾಯಕ ಅಂತ ಒಬ್ಬ ದೊರೆ. ಅವನ ಊರಿನ ಮಕ್ಕಳಿಗೆ ತಮ್ಮ ಮಠದಲ್ಲೇ ಅಕ್ಷರ, ಮಗ್ಗಿ ಕಲಿಸೋರು ರಾಚಯ್ಯ ಐಗಳು. ಐಗಳಿಗೆ ಒಂದು ಜಂಬ. ಒಂದು ದಿನ ಆಸ್ಥಾನದಲ್ಲಿ ಎದ್ದುನಿಂತು ಹೇಳಿಯೇಬಿಟ್ಟರು:

"ಮಹಾಸ್ವಾಮಿ, ಬೆಳೆಯುವ ಸಿರಿ ಮೊಳಕೆಯಲ್ಲೇ ಗೊತ್ತಾಗುತ್ತೆ. ಮಗು ಹೊಸಿಲು ದಾಟಿದರೆ ಸಾಕು, ತಲೆಯಲ್ಲಿ ಏನಿದೆ ಅಂತ ನಾನು ಹೇಳಬಲ್ಲೆ. ಮಂತ್ರಿಗಳ ಮಗ ಮಂದಣ್ಣನ ತಲೆ ತುಂಬ ಬುದ್ಧಿ. ನನ್ನ ಮಗ ಗಂಗಯ್ಯನದಂತೂ ತುಂಬಿ ಚೆಲ್ಲುತ್ತೆ! ಆ ಕುಂಬಾರರ ಹೊನ್ನಿ ಇದ್ದಾಳಲ್ಲ, ಬರೀ ಜೇಡಿಮಣ್ಣು. ಮಾನೌಮಿ ಹಬ್ಬ ಕಳೆದ ಮೇಲೆ ಮಠಕ್ಕೆ ಬರಬೇಡ, ಮನೇಲಿ ಮಣ್ಣು ತುಳಿ ಅಂದುಬಿಟ್ಟಿದ್ದೀನಿ."

ದೊರೆ ಹೂಂ ಅಂದ. ದೊರೆ ಹೂಂ ಅಂದಮೇಲೆ ಇನ್ನೇನು, ಹೊನ್ನಿಯ ಓದು ಮುಗಿದಂತೆಯೇ.

ಹೊನ್ನಿಯ ಅವ್ವ ಕಾಳವ್ವ ಅಳುತ್ತಾ ಹೋಗಿದ್ದು ಬೊಮ್ಮರಸನ ಮನೆಗೆ. ಬೊಮ್ಮರಸ ಅಂದರೆ ದೊರೆಯನ್ನು ನಗಿಸಿ ಅನ್ನ ಉಣ್ಣುತ್ತಿದ್ದವನು. ನಗಿಸುತ್ತಲೇ ಚುಚ್ಚುತ್ತಿದ್ದ.

"ಅಣ್ಣಾ, ನನ್ನ ಮಗಳು ಗಡಿಗೆ ಎಣಿಸುವಾಗಲೂ ಮಗ್ಗಿ ಹೇಳ್ತಾಳೆ. ಐಗಳು ಅವಳನ್ನ ಬಾಗಿಲ ಹತ್ತಿರ ಕೂರಿಸಿ, ಒಂದು ಮಾತೂ ಕೇಳೋದಿಲ್ಲ."

"ಅಳಬೇಡ ಕಣವ್ವಾ. ಮನೇಲಿ ಹಳೇ ಗೋಣಿಚೀಲ ಎಷ್ಟಿವೆ?"

ಕಾಳವ್ವ ಕಣ್ಣೊರೆಸಿಕೊಳ್ಳುವುದನ್ನೇ ಮರೆತಳು. "ಗೋಣಿನಾ?"

ಮಾನೌಮಿ ಬಂತು. ಆಗೆಲ್ಲ ಮಾನೌಮಿಗೆ ಐಗಳ ಮಠದ ಮಕ್ಕಳು ವೇಷ ಕಟ್ಟಿಕೊಂಡು ಮನೆಮನೆಗೆ ಹಾಡುತ್ತಾ ಹೋಗೋರು. ಜನ ಹಣ್ಣು, ಕಾಯಿ, ಬೆಲ್ಲ ಕೊಡೋರು. ಅದರಲ್ಲಿ ಅರ್ಧ ಐಗಳ ಪಾಲು.

ಆ ವರ್ಷ ಅರಮನೆಯ ಅಂಗಳಕ್ಕೆ ಬಂದಿದ್ದು ಕೋತಿಗಳ ದಂಡು! ಮೈಗೆ ಗೋಣಿ, ಮುಖಕ್ಕೆ ಬಟ್ಟೆಯ ಮುಸುಡಿ, ಹಿಂದೆ ಹಗ್ಗದ ಬಾಲ. ಒಂದು ಕಂಬ ಹತ್ತಿತು, ಇನ್ನೊಂದು ಸೇನಾಪತಿಯ ಪೇಟ ಕಿತ್ತಿತು. ಒಂದಂತೂ ಐಗಳ ಜುಟ್ಟಿನಲ್ಲಿ ಹೇನು ಹುಡುಕಿತು.

ಬೊಮ್ಮರಸ ಕೈಮುಗಿದ. "ಮಹಾಸ್ವಾಮಿ, ಕೋತಿಗಳು ಮಾತಾಡೋದಿಲ್ಲ. ಲೆಕ್ಕ ಕೇಳೋಣ, ಬಾಳೆಹಣ್ಣು ಎಣಿಸಿ ಉತ್ತರ ಕೊಡಲಿ. ನೋಡುತ್ತಲೇ ಐಗಳು ಯಾವ ಕೋತಿ ಯಾರ ಮಗು ಅಂತ ಹೇಳಲಿ. ಹೇಳಿದರೆ ಹೊನ್ನಿ ಮಣ್ಣು ತುಳೀಲಿ. ತಪ್ಪಿದರೆ ನಾನು ಹೇಳಿದ ಕಡೆ ಐಗಳು ಕೂರಲಿ."

"ಇಷ್ಟೇನಾ? ಆಗಲಿ!" ಅಂದರು ಐಗಳು.

ಬೊಮ್ಮರಸ ಕೂಗಿದ, "ಕೇಳ್ರಪ್ಪಾ ಕೋತಿಗಳೇ! ಆರು ಮನೆ, ಮನೆಗೆ ಮೂರು ಹಣ್ಣು ಕೊಟ್ಟರು. ನಿಮ್ಮ ಕೈಯಲ್ಲಿ ಉಳಿಯೋದು ಎಷ್ಟು?"

ಕೋತಿಗಳು ಅಂಗಳದಲ್ಲಿ ಸುರಿದಿದ್ದ ಬಾಳೆಹಣ್ಣಿನ ರಾಶಿಗೆ ನುಗ್ಗಿದವು. ಒಂದು ಹದಿನೆಂಟು ತಂದು ಬೀಗಿತು. ಇನ್ನೊಂದು ಹತ್ತು ತಂದು ತಲೆ ಕೆರೆದುಕೊಂಡಿತು. ಒಂದು ಕೋತಿ ರಾಶಿಯ ಮುಂದೆಯೇ ಕೂತು, ಮುಸುಡಿ ಎತ್ತಿ ಎತ್ತಿ, ಸುಲಿದು ಸುಲಿದು ತಿನ್ನತೊಡಗಿತು.

ಆಗ ಒಂದು ಪುಟ್ಟ ಕೋತಿ ಹದಿನೆಂಟು ಹಣ್ಣು ತಂದಿತು. ಒಂಬತ್ತನ್ನು ಐಗಳ ಪಾದದ ಬಳಿ ಜೋಡಿಸಿ ನಮಸ್ಕಾರ ಹಾಕಿತು. ಉಳಿದ ಒಂಬತ್ತನ್ನು ಮಡಿಲಿಗೆ ಹಾಕಿಕೊಂಡು ಬಾಲ ಸರಿಮಾಡಿಕೊಂಡು ಕೂತಿತು.

ಐಗಳು ಕುಣಿದುಬಿಟ್ಟರು. "ಗುರುವಿನ ಪಾಲು ಮರೆಯದ ಬಂಗಾರ! ಇದು ನನ್ನ ಗಂಗಯ್ಯನೇ! ಅಗೋ, ತಿನ್ನುತ್ತಾ ಕೂತಿದೆಯಲ್ಲ ಆ ದಡ್ಡ ಕೋತಿ, ಅದೇ ಕುಂಬಾರರದು!"

"ಮುಸುಡಿ ತೆಗೀರಪ್ಪಾ" ಅಂದ ಬೊಮ್ಮರಸ.

ತಿನ್ನುತ್ತಿದ್ದ ಕೋತಿ ಮುಸುಡಿ ತೆಗೆಯಿತು. ಎರಡೂ ಕೆನ್ನೆ ಉಬ್ಬಿದ್ದವು. "ಅಪ್ಪಾ, ನಿಮ್ಮ ಪಾಲಿನದ್ದೂ ತಿನ್ನಲಾ?" ಅಂತು. ಗಂಗಯ್ಯ!

ಪುಟ್ಟ ಕೋತಿಯ ಮುಸುಡಿಯ ಹಿಂದೆ ಹೊನ್ನಿ, ಮೂಗಿನ ಮೇಲೆ ಇನ್ನೂ ಒಂದು ಚೂರು ಜೇಡಿಮಣ್ಣು.

ಐಗಳು ಚೀರಿದರು. "ಇದು ಹೇಗೆ ಸಾಧ್ಯ? ಇವಳಿಗೆ ನಾನು ಒಂದಕ್ಷರವನ್ನೂ ಕಲಿಸಿಲ್ಲ!"

ಅಂದಮೇಲೆ ನಾಲಿಗೆ ಕಚ್ಚಿಕೊಂಡರು. ದೊರೆಯ ಹುಬ್ಬು ಮೇಲೇರಿತ್ತು.

ಹೊನ್ನಿ ಮೆಲ್ಲಗೆ ಹೇಳಿದಳು, "ಗಂಗಯ್ಯಂಗೆ ಕೂಗಿ ಕೂಗಿ ಹೇಳಿಕೊಡ್ತಿದ್ರಲ್ಲ ಐಗಳೇ, ಬಾಗಿಲ ತನಕ ಕೇಳ್ತಿತ್ತು."

"ಆದರೂ... ಮೊಳಕೆಯಲ್ಲೇ ನೋಡು ಅಂತ ಹಿರಿಯರೇ..." ಐಗಳು ತೊದಲಿದರು.

"ಹಿರಿಯರು ಹೇಳಿದ್ದು ಸರಿ ಐಗಳೇ" ಅಂದ ಬೊಮ್ಮರಸ. "ಆದರೆ ನೀವು ಮೊಳಕೆ ನೋಡಿದ್ದೆಲ್ಲಿ? ಬರೀ ಕುಂಡ ನೋಡಿ ಬೆಳೆ ಹೇಳಿದಿರಿ!"

ದೊರೆ ನಕ್ಕ ರಭಸಕ್ಕೆ ಕಿರೀಟ ಜಾರಿತು. ಅದನ್ನೂ ಒಂದು ಕೋತಿ ಹಾಕಿಕೊಂಡು ಓಡಿತು. "ಹೊನ್ನಿ ಓದಲಿ! ಬೊಮ್ಮಾ, ಹೊನ್ನಿಯನ್ನು ಮುಂದೆ ಕೂರಿಸಲೇನೋ?" ಅಂದ ದೊರೆ.

"ಬೇಡ ಬುದ್ಧಿ, ಅವಳು ಕೂತಲ್ಲೇ ಇರಲಿ. ಐಗಳ ಮಣೆಯನ್ನು ಬಾಗಿಲಿಗೆ ಹಾಕಿಸಿ."

ಹಾಗೇ ಆಯಿತು. ಹಿಂದಿದ್ದವರೆಲ್ಲ ಮುಂದಾದರು. ಗಂಗಯ್ಯನಿಗೆ ಮಾತ್ರ ಏನೂ ಬೇಸರವಿಲ್ಲ. ಮುಂದಿದ್ದ ಅವನು ಈಗ ಹಿಂದಾದ, ಅಲ್ಲಿಗೆ ಅಡುಗೆಮನೆ ಹತ್ತಿರ.