ದೂರು ಕೊಟ್ಟವರು ಯಾರು

ಬಣ್ಣದ ಕಾರ್ಖಾನೆಯ ಹೊಲಸು ನೀರು ಹಳ್ಳಕ್ಕೆ ಸೇರುತ್ತಿದೆ ಎಂದು ಮಾಲಿನ್ಯ ನಿಯಂತ್ರಣ ಕಚೇರಿಗೆ ದೂರು ಬಂತು. ಹೆಸರು ಹೊರಬಿದ್ದರೆ ಊರಲ್ಲಿ ಬದುಕಲಾರೆ ಎಂದು ದೂರು ಕೊಟ್ಟವರು ಕೈಮುಗಿದಿದ್ದರು.

ಮಾಲೀಕ ರುದ್ರಮುನಿ ಸಾಹುಕಾರರು ಬಂದು ಮೇಜು ಗುದ್ದಿದರು. "ದೂರು ಕೊಟ್ಟವನ ಹೆಸರು ಹೇಳ್ರಿ. ಇಲ್ಲಾಂದ್ರ ನಿಮ್ಮನ್ನ ವರ್ಗ ಮಾಡಿಸ್ತೀನಿ."

ಅಧಿಕಾರಿ ಬೆವೆತರು. ಗುಮಾಸ್ತ ಮಾತ್ರ ಸಾಹುಕಾರರಿಗೆ ಕುರ್ಚಿ ಎಳೆದು ಹಾಕಿದ.

"ನಿಮಗ ಯಾರ ಮ್ಯಾಲೆ ಅನುಮಾನ, ಹೇಳ್ರಿ ಸಾಹುಕಾರ್ರ. ಬರಕೋತೀನಿ."

"ಬಟ್ಟಿ ಒಗಿಯೋ ಹನುಮವ್ವ ಇರಬೇಕು."

"ಛೇ, ಆಕಿಗೇನು ತೊಂದ್ರಿ?"

"ಬಿಳಿ ಬಟ್ಟಿ ಎಲ್ಲಾ ಕೆಂಪಾದ್ವು ಅಂತ ಓಣಿಯಾಗ ಬೈತಾಳ. ಇಲ್ಲಾ ಮೀನು ಹಿಡಿಯೋ ಲಾಲಸಾಬ. ಸತ್ತ ಮೀನೆಲ್ಲಾ ತಂದು ನನ್ನ ಗೇಟಿಗೇ ಸುರಿದ."

"ಮತ್ತ?"

"ಸಾಲಿ ಮಾಸ್ತರ. ಹಳ್ಳದ ನೀರು ಕುಡಿದು ಹುಡುಗ್ರು ವಾಂತಿ ಮಾಡ್ಕೊಂಡ್ರಲ್ಲ!"

ಸಾಹುಕಾರರ ಸಿಟ್ಟಿಗೆ ಅರ್ಧ ಊರಿನ ಹೆಸರು ಹೊರಬಂತು. ಒಬ್ಬೊಬ್ಬರ ಗೋಳೂ ಬಂತು. ಗುಮಾಸ್ತ ಎಲ್ಲವನ್ನೂ ಬರೆದು, ಓದಿ ಹೇಳಿದ. ಸಾಹುಕಾರರು ಮೀಸೆ ತಿರುವಿ ಸಹಿ ಹಾಕಿದರು. ಗುಮಾಸ್ತ ಮೊಹರು ಒತ್ತಿದ.

"ಈಗ ಹೇಳು. ದೂರು ಕೊಟ್ಟವರು ಯಾರು?"

"ನೀವ, ಸಾಹುಕಾರ್ರ."

"ಏನಂದಿ?"

"ಹಳೇ ದೂರು ಬೀಗದಾಗ ಇರಲಿ. ಬಟ್ಟಿ ಕೆಂಪಾಗಿದ್ದು, ಮೀನು ಸತ್ತಿದ್ದು, ಹುಡುಗ್ರು ವಾಂತಿ ಮಾಡಿದ್ದು, ಎಲ್ಲಾ ನೀವ ಹೇಳಿ ಸಹಿ ಹಾಕೀರಿ. ತನಿಖೆಗೆ ಇಷ್ಟು ಸಾಕು."

ಸಾಹುಕಾರರು ಕಾಗದ ಕಸಿಯಲು ಕೈ ಚಾಚಿದರು. ಎದುರಿಗೆ ಅಧಿಕಾರಿ, ತಮಗೇ ತಿಳಿಯದಂತೆ, ತಮ್ಮ ಗುಮಾಸ್ತನಿಗಾಗಿ ಕುರ್ಚಿ ಬಿಟ್ಟು ಎದ್ದು ನಿಂತಿದ್ದರು.