ಗುರುಪಾದ ವಿಳಾಸ ಬದಲಿಸಿದ್ದು

ಹೇಳಿದ ಮಾತು ಕೇಳದ ಮಕ್ಕಳು ಎಲ್ಲ ಊರಲ್ಲೂ ಉಂಟು. ನೀಲವ್ವನ ಮಗ ಗುರುಪಾದ ಅಂಥವನಲ್ಲ. ಮೀಸೆ ಬಂದ ಮಗ, ಹೇಳಿದ್ದನ್ನು ಹೇಳಿದಷ್ಟೇ ಮಾಡುವವನು. ಅದೇ ನೀಲವ್ವನ ಗೋಳು.

ನೀಲವ್ವ ವೆಬ್‌ಸೈಟ್ ಕಟ್ಟುವ ಹೆಂಗಸು. ಊರಿನ ಧರ್ಮಾರ್ಥ ದವಾಖಾನೆಯ ಡಯಾಲಿಸಿಸ್ ಸರದಿ ಇನ್ನು ಮುಂದೆ ಅವಳ ವೆಬ್‌ಸೈಟಿನಲ್ಲೇ ಸಿಗಬೇಕು. ಸೋಮವಾರ ಹತ್ತಕ್ಕೆ ಅದು ತೆರೆಯಬೇಕು. ಭಾನುವಾರ ಬಚ್ಚಲಲ್ಲಿ ಜಾರಿ ಬಿದ್ದು ಅವಳ ಬಲಗೈಗೆ ಪ್ಲಾಸ್ಟರ್ ಬಿತ್ತು. ಅವಳು ಹೇಳಬೇಕು, ಮಗ ಟೈಪ್ ಮಾಡಬೇಕು. ಹಿಂದಿನ ಓಣಿಯಲ್ಲಿರುವ ಅಕ್ಕ ಕಲ್ಲವ್ವನಿಗೆ ಕಿಡ್ನಿ ಕೆಟ್ಟು ಕಾಲುಗಳು ಆಗಲೇ ಬಾತಿದ್ದವು. ಅವಳಿಗೆ ಸೋಮವಾರವೇ ಡಯಾಲಿಸಿಸ್ ಮಷೀನು ಸಿಗಬೇಕು.

ಆ ವೆಬ್‌ಸೈಟೆಂದರೆ ಒಂದೇ ಕೋಣೆಯ ಮನೆಯಿದ್ದಂತೆ. ಬಟನ್ ಒತ್ತಿದರೆ ಪರದೆಯ ಮೇಲ್ತುದಿಯ ವಿಳಾಸ ಬದಲಾಗಬೇಕು, ಒಳಗಿನ ಸಾಮಾನೂ, ಅಂದರೆ ಪುಟವೂ, ಬದಲಾಗಬೇಕು.

ಸೋಮವಾರ ಬೆಳಿಗ್ಗೆ ಎಂಟು ಗಂಟೆ. "ಲೇ ಗುರುಪಾದ, ಬಟನ್ ಒತ್ತಿದ ಕೂಡಲೇ ವಿಳಾಸ ಬದಲಾಗೂ ಹಂಗ ಮಾಡು!"

ಮಾಡಿದ. ಒತ್ತಿದರು. ಮೇಲೆ ವಿಳಾಸ ಬದಲಾಯಿತು, ಕೆಳಗೆ ಅದೇ ಹಳೇ ಪುಟ!

"ಪುಟ ಎಲ್ಲೋ?"

"ನೀ ವಿಳಾಸ ಅಷ್ಟೇ ಅಂದಿ, ಯವ್ವಾ."

"ಹುಚ್ಚಪ್ಪಾ! ಬೋರ್ಡ್ ಬದಲಾದ್ರ ಬಸ್ ಹೋದಂಗಾತೇನು? ಹೊಸಾ ಪುಟ ತರಬೇಕು!"

ಹೊಸಾ ಪುಟ ತಂದ. ಎಷ್ಟು ಹೊಸದು? ಇಡೀ ವೆಬ್‌ಸೈಟನ್ನೇ ಮತ್ತೆ ಮೊದಲಿಂದ ತೆರೆಸಿದ. ಪರೀಕ್ಷೆಗೆಂದು ರೋಗಿಯ ಹಾಗೆ ಬರೆದದ್ದೆಲ್ಲ ಮಾಯ!

"ಬರೆದದ್ದು ಎಲ್ಲಿ ಹೋತೋ?"

"ಹೊಸಾದು ಅಂದಿ. ಹಳೇದು ಯಾಕ ಇರಬೇಕು, ಯವ್ವಾ?"

ನೀಲವ್ವ ಗಡಿಯಾರ ನೋಡಿದಳು. ಒಂಬತ್ತು ದಾಟಿತ್ತು. "ಯಾವ ಬಟನ್ನೇ ಇರಲಿ, ಬರೆದದ್ದನ್ನ ಮೊದಲು ಉಳಿಸು, ಆಮೇಲೆ ಮುಂದಿನ ಪುಟಕ್ಕ ಕಳಿಸು!"

ಯಾವ ಬಟನ್ನೇ ಇರಲಿ ಅಂದಳಲ್ಲ? ಸರದಿ 'ಬೇಡ' ಅನ್ನುವ ಬಟನ್ನಿಗೂ ಮೊದಲು ಉಳಿಸಿ, ಆಮೇಲೆ ಕಳಿಸಿದ. ಒತ್ತಿ ನೋಡಿದರೆ, ಬೇಡ ಎಂದವನಿಗೂ ಸರದಿ ಸಿಕ್ಕಿತು. ಅವನು ಹೆಸರನ್ನೂ ಬರೆದಿರಲಿಲ್ಲ!

"ಅಯ್ಯೋ ಶಿವನೇ! ಹೆಸರಿಲ್ಲದವನಿಗೆ ಮಷೀನು ಹಚ್ಚತಾರೇನೋ? 'ಬೇಡ' ಅಂದರ ಉಳಿಸಬ್ಯಾಡ. ಮತ್ತ ಹೆಸರು ಹೇಳದವರು ಯಾವ ಪುಟಕ್ಕ ಬಂದ್ರೂ ಹೆಸರಿನ ಪುಟಕ್ಕ ಅಟ್ಟು!"

ಅಟ್ಟಿದ. ಪರದೆ ಗಿರಗಿರ ತಿರುಗತೊಡಗಿತು, ನಿಲ್ಲಲೇ ಇಲ್ಲ.

"ಏನ್ ಮಾಡಿಯೋ!"

"ಹೆಸರಿನ ಪುಟಕ್ಕ ಬಂದವರೂ ಇನ್ನೂ ಹೆಸರು ಹೇಳಿರೂದಿಲ್ಲಲ್ಲ? ಅವರನ್ನೂ ಹೆಸರಿನ ಪುಟಕ್ಕ ಅಟ್ಟಿದೆ. ಮತ್ತ ಬಂದ್ರು, ಮತ್ತ ಅಟ್ಟಿದೆ!"

ಗಂಟೆ ಒಂಬತ್ತೂಮುಕ್ಕಾಲು. ನೀಲವ್ವ ತಡೆಯಲಾರದೆ ಎದ್ದು ನಿಂತಳು. ಪ್ಲಾಸ್ಟರ್ ಕೈಯನ್ನೇ ಮೇಜಿಗೆ ಕುಟ್ಟಿ, ನೋವಿಗೆ "ಹಾ!" ಎಂದಳು. "ನೆಪ್ಪಿಡು, ನನ್ನಪ್ಪಾ! ಕುಂತವರನ್ನ ಕುಂತಲ್ಲೇ ಬಿಡು. ಸುಮ್ಮಸುಮ್ಮನೆ ಎಬ್ಬಿಸಿ ಅಟ್ಟಬ್ಯಾಡ!"

"ಕುಂತವರನ್ನ ಕುಂತಲ್ಲೇ," ಎಂದು ಗುರುಪಾದ ಬಾಯಿಪಾಠ ಮಾಡುತ್ತ ಟೈಪ್ ಮಾಡಿದ. ಒತ್ತಿದರು. ವಿಳಾಸ ಬದಲಾಯಿತು, ಪುಟ ಬದಲಾಯಿತು, ಬರೆದದ್ದು ಉಳಿಯಿತು!

ಹತ್ತಕ್ಕೆ ವೆಬ್‌ಸೈಟ್ ತೆರೆಯಿತು. ನೀಲವ್ವ ಎಡಗೈಯಲ್ಲೇ ಅಕ್ಕನ ಹೆಸರು ಬರೆದಳು. ಸರದಿ ಸಿಕ್ಕಿತು: ಇವತ್ತೇ, ಹನ್ನೊಂದಕ್ಕೆ!

"ಓಡೋ! ದೊಡ್ಡವ್ವಗ ಹನ್ನೊಂದಕ್ಕ ಮಷೀನು. ಆಕಿನ್ನ ದವಾಖಾನಿಗೆ ಮುಟ್ಟಿಸು. ತಪ್ಪಿದರ ಮತ್ತ ಮೂರು ದಿನ ಸಿಗೂದಿಲ್ಲ!"

ಓಡಿದ. ಹತ್ತು ನಿಮಿಷದಲ್ಲಿ ತಿರುಗಿ ಬಂದ, ಬೆರಳಿಗೆಲ್ಲ ಸುಣ್ಣ.

"ಇಷ್ಟು ಲಗೂನ? ಮುಟ್ಟಿಸಿದಿಯೇನೋ?"

"ಮುಟ್ಟಿಸಿದೆ, ಯವ್ವಾ. ಎಲ್ಲಾ ನೀ ಅಂದಂಗ."

ಆ 'ನೀ ಅಂದಂಗ' ಕೇಳಿದ್ದೇ ನೀಲವ್ವ ಎದ್ದಳು. ಚಪ್ಪಲಿ ಮೆಟ್ಟದೆ ಹಿಂದಿನ ಓಣಿಗೆ ಓಡಿದಳು. ಅಕ್ಕನ ಮನೆ ಬಾಗಿಲ ಮೇಲಿದ್ದ ಮನೆ ನಂಬರು ಅಳಿಸಿತ್ತು. ಅಲ್ಲಿ ಸುಣ್ಣದಲ್ಲಿ ದಪ್ಪಗೆ ಬರೆದಿತ್ತು: ಧರ್ಮಾರ್ಥ ದವಾಖಾನೆ, ಸ್ಟೇಶನ್ ರೋಡ್. ಕೆಳಗೆ ಕಟ್ಟೆಯ ಮೇಲೆ ಕಲ್ಲವ್ವ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ನೀಲೀ, ನರ್ಸಬಾಯಿ ಯಾವಾಗ ಬರತಾಳ?"

ನೀಲವ್ವ ಒಂದೇ ಕೈಯಲ್ಲಿ ಅಕ್ಕನನ್ನು ಎಬ್ಬಿಸಿ, ಹೋಗುತ್ತಿದ್ದ ಟಂಟಂ ಆಟೋ ತಡೆದು ಹತ್ತಿಸಿದಳು. ಹನ್ನೊಂದಕ್ಕೆ ಇನ್ನು ಇಪ್ಪತ್ತು ನಿಮಿಷವಿತ್ತು. ಟಂಟಂ ಹೊರಟಿತು.

ಹಿಂದೆಯೇ ಗುರುಪಾದ ಓಡಿಬಂದ, ಕೈ ಬೀಸುತ್ತ, ಕಿರುಚುತ್ತ:

"ಯವ್ವಾ! ಕುಂತಾಕಿನ್ನ ಯಾಕ ಎಬ್ಬಿಸಿದಿ? ಎಲ್ಲಿಗೆ ಕರಕೊಂಡು ಹೊಂಟಿ? ದವಾಖಾನಿ ಇಲ್ಲೇ ಐತಲ್ಲ!"